ಮೊದಲ ವಾರಕ್ಕೆ 265 ಗಂಟೆ, ಎರಡನೇ ವಾರಕ್ಕೆ ಸೊನ್ನೆ

ನನ್ನ ಎದುರಿಗಿದ್ದ ಹಾಳೆಯಲ್ಲಿ ಮೊದಲ ವಾರಕ್ಕೆ 265 ಗಂಟೆ ಕೆಲಸ ಬಿದ್ದಿತ್ತು. ಎರಡನೇ ವಾರಕ್ಕೆ ಸೊನ್ನೆ. ಇರೋದು ಒಂದೇ ಮೆಷಿನ್, ವಾರಕ್ಕೆ ಅದು ಓಡೋದು 150 ಗಂಟೆ. ಪ್ರತಿ ಐಟಂನ ಲೆಕ್ಕವನ್ನೂ ಎರಡೆರಡು ಸಲ ನೋಡಿದೆ, ಒಂದರಲ್ಲೂ ತಪ್ಪಿರಲಿಲ್ಲ. ಬಿಡಿಬಿಡಿಯಾಗಿ ಎಲ್ಲವೂ ಸರಿ, ಒಟ್ಟು ಸೇರಿಸಿದಾಗ ಮಾತ್ರ ಓಡಿಸೋಕೆ ಆಗದ ಪ್ಲ್ಯಾನ್. ಅಲ್ಲಿಂದ ನಿಜವಾಗಿ ಓಡುವ ಒಂದು ಪ್ಲ್ಯಾನ್‌ಗೆ ಬಂದು ಮುಟ್ಟೋಕೆ ನನಗೆ ಸುಮಾರು ನಾಲ್ಕು ತಿಂಗಳು ಹಿಡಿಯಿತು. ಇದೇ ತೊಂದರೆ ಇನ್ನೂ ಎಷ್ಟೋ ಜನ ಪ್ಲ್ಯಾನಿಂಗ್‌ನವರ ತಲೆ ತಿನ್ನುತ್ತಿರಬಹುದು, ಅದಕ್ಕೇ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ನಾನು ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವ ಕಡೆ ಪ್ಲ್ಯಾನಿಂಗ್ ನೋಡಿಕೊಳ್ಳುತ್ತೇನೆ. ಯಾವ ವಾರ ಯಾವ ಐಟಂ ಎಷ್ಟು ಮಾಡಬೇಕು, ಇಷ್ಟೇ ಪ್ರಶ್ನೆ. ಒಂದು ಐಟಂನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೋಲ್ಡ್ ಇಳಿಸಿ, ಇನ್ನೊಂದು ಹತ್ತಿಸಿ, ಬಿಸಿ ಮಾಡಿ, ಮೊದಲು ಬರುವ ಕೆಟ್ಟ ಪೀಸ್‌ಗಳನ್ನು ತೆಗೆದು ಹಾಕಬೇಕು. ಇದಕ್ಕೆ ಸೆಟಪ್ ಅಂತೀವಿ. ಪದೇ ಪದೇ ಸೆಟಪ್ ಮಾಡಿದರೆ ಮೆಷಿನ್ ಟೈಮೂ ಹೋಗುತ್ತೆ, ಖರ್ಚೂ ಬೀಳುತ್ತೆ. ಬೇಡ ಅಂತ ಒಂದೇ ಸಲ ಜಾಸ್ತಿ ಮಾಡಿಟ್ಟರೆ ಸ್ಟಾಕ್ ಬೆಳೆಯುತ್ತೆ, ಜಾಗ ತಿನ್ನುತ್ತೆ, ದುಡ್ಡು ಅಲ್ಲೇ ಕೂತಿರುತ್ತೆ. ಇವೆರಡರ ನಡುವೆ ಒಂದು ಸಲಕ್ಕೆ ಎಷ್ಟು ಮಾಡೋದು ಅನ್ನೋದೇ ಲಾಟ್ ಸೈಜ್ ಲೆಕ್ಕ.

ನಿಜವಾದ ಪಟ್ಟಿಯಲ್ಲಿ ಐಟಂ 38. ಅದನ್ನು ಇಲ್ಲಿ ಹಾಕಿದರೆ ಓದೋಕೆ ಆಗಲ್ಲ. ನನಗೇ ಅರ್ಥ ಆಗಲಿ ಅಂತ ಮೂರು ಐಟಂ, ಆರು ವಾರದ ಒಂದು ಚಿಕ್ಕ ಲೆಕ್ಕ ಮಾಡಿಕೊಂಡಿದ್ದೆ, ಅದನ್ನೇ ಕೊಡುತ್ತೇನೆ. ಮುಚ್ಚಳ, ಡಬ್ಬಿ, ಹಿಡಿಕೆ. ಬೇಡಿಕೆಯನ್ನು ಪೀಸಿನಲ್ಲಿ ಹೇಳದೆ ಮೆಷಿನ್ ಗಂಟೆಯಲ್ಲೇ ಹೇಳುತ್ತೇನೆ. ಮುಚ್ಚಳಕ್ಕೆ ಆರು ವಾರದ ಬೇಡಿಕೆ 40, 60, 20, 90, 30, 70. ಡಬ್ಬಿಗೆ 30, 30, 50, 20, 60, 40. ಹಿಡಿಕೆಗೆ 50, 20, 40, 40, 50, 30. ಒಂದು ಸೆಟಪ್‌ಗೆ 5 ಗಂಟೆ, ಖರ್ಚು 100 ಅಂಕ. ಒಂದು ಗಂಟೆಯ ಮಾಲನ್ನು ಒಂದು ವಾರ ಸ್ಟಾಕ್‌ನಲ್ಲಿಟ್ಟರೆ 1 ಅಂಕ. ಖರ್ಚನ್ನು ಅಂಕದಲ್ಲಿ ಇಟ್ಟಿರೋದು ಹೋಲಿಸೋದಕ್ಕಷ್ಟೇ.

ನಾನು ಕೆಲಸಕ್ಕೆ ಸೇರಿದಾಗ ಮೊದಲು ಮಾಡಿದ್ದು ತೀರಾ ಸುಲಭದ ಪ್ಲ್ಯಾನ್. ಆ ವಾರಕ್ಕೆ ಬೇಕಾದ್ದನ್ನು ಆ ವಾರವೇ ಮಾಡೋದು. ಸ್ಟಾಕ್ ಇಲ್ಲ, ತಲೆನೋವಿಲ್ಲ. ಇಲ್ಲಿನ ಚಿಕ್ಕ ಲೆಕ್ಕದಲ್ಲೇ ಹೇಳಿದರೆ ವಾರವಾರದ ಮೊತ್ತ 120, 110, 110, 150, 140, 140. ಒಂದು ವಾರವೂ 150 ದಾಟಿಲ್ಲ ಅಲ್ವಾ? ಹಾಗಂತ ಪ್ಲ್ಯಾನ್ ಕೊಟ್ಟುಬಿಟ್ಟೆ. ಮೂರು ವಾರ ಚೆನ್ನಾಗಿ ನಡೆಯಿತು. ನಾಲ್ಕನೇ ವಾರ ಹಿಡಿಕೆ ಮುಗಿಯಲೇ ಇಲ್ಲ, ಡಿಸ್ಪ್ಯಾಚ್ ತಪ್ಪಿತು. ಮೋಲ್ಡ್ ಸೆಟ್ಟಿಂಗ್ ಮಾಡುವ ಹಿರಿಯರೊಬ್ಬರು ಹಾಳೆ ನೋಡಿ ಒಂದೇ ಮಾತು ಹೇಳಿದರು: "ಸಾರ್, ನಾವು ಮೋಲ್ಡ್ ಹತ್ತಿಸೋ ಟೈಮ್ ಇದ್ರಲ್ಲಿ ಎಲ್ಲೂ ಇಲ್ವಲ್ಲ." ಮೂರು ಸೆಟಪ್‌ಗೆ 15 ಗಂಟೆ ಸೇರಿಸಿದರೆ ಆ ವಾರಕ್ಕೆ 165 ಆಗುತ್ತೆ. ಐದನೇ, ಆರನೇ ವಾರಕ್ಕೂ 155. ತಡವಾಗಿದ್ದಕ್ಕೆ ಕಾರಣ ನನ್ನ ಹಾಳೆಯೇ, ಮೆಷಿನ್ನೂ ಅಲ್ಲ, ಜನರೂ ಅಲ್ಲ.

ಆಮೇಲೆ ಕೂತು ಓದಿದೆ. ಈ ವಿಷಯದಲ್ಲಿ ಎಲ್ಲರೂ ಮೊದಲು ಕಲಿಯೋದು 1913ರಲ್ಲಿ ಫೋರ್ಡ್ ಹ್ಯಾರಿಸ್ ಕೊಟ್ಟ ವರ್ಗಮೂಲದ ಸೂತ್ರ. ಮುಚ್ಚಳದ ಸರಾಸರಿ ಬೇಡಿಕೆ ವಾರಕ್ಕೆ ಸುಮಾರು 52. ಸೂತ್ರಕ್ಕೆ ಹಾಕಿದರೆ ಲಾಟ್ 102 ಬರುತ್ತೆ. ಮೊದಲ ವಾರ 102 ಮಾಡಿದರೆ ಎರಡು ವಾರದ 100 ಹೋಗಿ 2 ಉಳಿಯುತ್ತೆ. ಮೂರನೇ ವಾರಕ್ಕೆ 20 ಬೇಕು, ಇನ್ನೊಂದು 102. ಅದರಲ್ಲಿ 84 ಉಳಿಯುತ್ತೆ. ನಾಲ್ಕನೇ ವಾರಕ್ಕೆ ಬೇಕಾಗಿರೋದು 90. ಬರೀ 6 ಗಂಟೆಯ ಮಾಲು ಕಮ್ಮಿ ಬಿತ್ತು ಅಂತ ಮತ್ತೆ ಮೋಲ್ಡ್ ಹತ್ತಿಸಿ ಇನ್ನೊಂದು 102. ಬೇಡಿಕೆ ವರ್ಷವಿಡೀ ಒಂದೇ ಸಮ ಇದ್ದರೆ ಆ ಸೂತ್ರ ಚೆನ್ನಾಗಿದೆ. ಏರಿಳಿತ ಇದ್ದರೆ ಹೀಗೆ ಆಗುತ್ತೆ.

ಏರಿಳಿತದ ಬೇಡಿಕೆಗೆ ಪೂರ್ತಿ ಸರಿಯಾದ ಉತ್ತರ ಕೊಡುವ ವಿಧಾನವನ್ನು 1958ರಲ್ಲೇ ವ್ಯಾಗ್ನರ್ ಮತ್ತು ವಿಟಿನ್ ಕೊಟ್ಟಿದ್ದರು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ: ಕೈಯಲ್ಲಿ ಸ್ಟಾಕ್ ಇರುವ ವಾರ ಆ ಐಟಂ ಮಾಡಬೇಡ, ಖಾಲಿಯಾದ ವಾರವೇ ಮಾಡು, ಮಾಡಿದರೆ ಇಂತಿಷ್ಟು ವಾರದ್ದನ್ನು ಪೂರ್ತಿ ಮಾಡು. ಈ ಮಾತು ಮುಂದೆ ಮತ್ತೆ ಬರುತ್ತೆ, ಅದಕ್ಕೇ ಹೇಳುತ್ತಿದ್ದೇನೆ. ಇದಕ್ಕಿಂತ ಸರಳವಾಗಿ, ಕೈಯಲ್ಲೇ ಮಾಡುವಂಥದ್ದು 1973ರ ಸಿಲ್ವರ್-ಮೀಲ್ ವಿಧಾನ. ಇದು ಹ್ಯೂರಿಸ್ಟಿಕ್, ಅಂದರೆ ಅತ್ಯುತ್ತಮ ಉತ್ತರವೇ ಸಿಗುತ್ತೆ ಅನ್ನುವ ಖಾತ್ರಿ ಕೊಡದೆ, ಬೇಗನೆ ಒಂದು ಒಳ್ಳೆಯ ಉತ್ತರ ಕೊಡುವ ಉಪಾಯ. ವಾರಕ್ಕೆ ಸರಾಸರಿ ಎಷ್ಟು ಖರ್ಚು ಬೀಳುತ್ತೆ ನೋಡು, ಅದು ಇಳಿಯುವ ತನಕ ಮುಂದಿನ ವಾರದ್ದನ್ನು ಇದೇ ಲಾಟ್‌ಗೆ ಸೇರಿಸುತ್ತಾ ಹೋಗು, ಏರಿದ ತಕ್ಷಣ ನಿಲ್ಲಿಸು. ಅಷ್ಟೇ.

ಮುಚ್ಚಳಕ್ಕೆ ಮಾಡಿ ನೋಡೋಣ. ಮೊದಲ ವಾರದ್ದು ಮಾತ್ರ ಮಾಡಿದರೆ ಖರ್ಚು 100. ಎರಡನೇ ವಾರದ 60 ಸೇರಿಸಿದರೆ 160, ಎರಡು ವಾರಕ್ಕೆ ಹಂಚಿದರೆ 80. ಮೂರನೇ ವಾರದ 20 ಎರಡು ವಾರ ಕೂರಬೇಕು, ಒಟ್ಟು 200, ಮೂರಕ್ಕೆ ಹಂಚಿದರೆ 67. ನಾಲ್ಕನೇ ವಾರದ 90 ಸೇರಿಸಿದರೆ 470, ಸರಾಸರಿ 117ಕ್ಕಿಂತ ಮೇಲೆ. ಏರಿತು, ನಿಲ್ಲಿಸು. ಹೀಗೆ ಮೊದಲ ವಾರ 120, ನಾಲ್ಕನೇ ವಾರ 120, ಆರನೇ ವಾರ 70. ಒಟ್ಟು ಖರ್ಚು 430. ವ್ಯಾಗ್ನರ್-ವಿಟಿನ್ ಲೆಕ್ಕವೂ ಇದೇ 430ಕ್ಕೆ ಬಂದು ನಿಲ್ಲುತ್ತೆ. ಆ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಇಷ್ಟು ಚಿಕ್ಕ ನಿಯಮ, ಅಷ್ಟು ಸರಿಯಾದ ಉತ್ತರ!

ಡಬ್ಬಿಗೂ ಹಿಡಿಕೆಗೂ ಹಾಗೇ ಮಾಡಿದೆ. ಎರಡಕ್ಕೂ ಒಂದನೇ, ಮೂರನೇ, ಐದನೇ ವಾರ ಲಾಟ್ ಬಂತು, ಒಂದೊಂದಕ್ಕೂ ಖರ್ಚು 390. ಮೂರೂ ಸೇರಿ 1210. ಆಮೇಲೆ ವಾರವಾರದ ಗಂಟೆ ಕೂಡಿಸಿದೆ. ಮೊದಲ ವಾರ ಮುಚ್ಚಳ 120, ಡಬ್ಬಿ 60, ಹಿಡಿಕೆ 70, ಸೆಟಪ್ 15. ಅದೇ 265. ಮುಂದೆ ಸೊನ್ನೆ, 160, 125, 190, 75.

ಯಾಕೆ ಹೀಗಾಯಿತು ಅಂತ ಈಗ ನೋಡಿದರೆ ಸ್ಪಷ್ಟ. ಮೊದಲ ವಾರ ಎಲ್ಲರ ಸ್ಟಾಕೂ ಖಾಲಿ. ಪ್ರತಿ ಐಟಂ ತನ್ನ ಪಾಡಿಗೆ ತಾನು ದೊಡ್ಡ ಲಾಟ್ ಕೇಳುತ್ತೆ, ಪಕ್ಕದ ಐಟಂ ಕೂಡ ಅದೇ ಮೆಷಿನ್ ಕೇಳುತ್ತಿದೆ ಅನ್ನೋದು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ದೊಡ್ಡ ದೊಡ್ಡ ಪ್ಲ್ಯಾನಿಂಗ್ ಸಾಫ್ಟ್‌ವೇರ್‌ಗಳು ಕೂಡ ಬಹಳ ಕಾಲದಿಂದ ಮಾಡುತ್ತಾ ಬಂದಿರೋದು ಇದನ್ನೇ. ಮೊದಲು ಲಾಟ್ ಲೆಕ್ಕ ಹಾಕೋದು, ಆಮೇಲೆ ಮೆಷಿನ್‌ಗೆ ಹಿಡಿಯುತ್ತಾ ಅಂತ ನೋಡೋದು, ಹಿಡಿಯದಿದ್ದರೆ ಕೆಂಪು ಗುರುತು ಹಾಕಿ ಪ್ಲ್ಯಾನರ್ ಕೈಗೆ ಕೊಡೋದು. ಆ ಕೆಂಪು ಗುರುತನ್ನು ಏನು ಮಾಡಬೇಕು ಅನ್ನೋದೇ ನಿಜವಾದ ಕೆಲಸ, ಅದಕ್ಕೆ ಅಲ್ಲಿ ಉತ್ತರ ಇರಲಿಲ್ಲ. ಹೆಚ್ಚಿನದನ್ನು ಎರಡನೇ ವಾರಕ್ಕೆ ತಳ್ಳೋಣ ಅಂತ ನೋಡಿದೆ. ಏನನ್ನು ತಳ್ಳೋದು, ಎಷ್ಟು ತಳ್ಳೋದು? ಹಿಡಿಕೆ ಅರ್ಧ ತಳ್ಳಿದರೆ ಎರಡನೇ ವಾರವೂ ಅದಕ್ಕೆ ಸೆಟಪ್ ಬೇಕು, ಆ 5 ಗಂಟೆ ಎಲ್ಲಿಂದ ತರೋದು? ಒಂದನ್ನು ಸರಿಸಿದರೆ ಇನ್ನೊಂದು ಕಡೆ ಉಬ್ಬುತ್ತಿತ್ತು.

ಒಂದಿಷ್ಟು ದಿನ ನನಗೇ ಲೆಕ್ಕ ಬರಲ್ಲ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಈ ಸಮಸ್ಯೆ ನಿಜಕ್ಕೂ ಕಷ್ಟದ್ದೇ. ವಾರವಾರಕ್ಕೂ ಮಿತಿ ಬೇರೆ ಬೇರೆ ಇದ್ದರೆ ಒಂದೇ ಐಟಂ ಇದ್ದರೂ ಇದು ಎನ್‌ಪಿ-ಹಾರ್ಡ್ ಅಂತ ಫ್ಲೋರಿಯನ್, ಲೆನ್‌ಸ್ಟ್ರಾ, ರಿನೋಯ್ ಕಾನ್ 1980ರಲ್ಲೇ ತೋರಿಸಿದ್ದಾರೆ. ಅಂದರೆ ಲೆಕ್ಕ ದೊಡ್ಡದಾದ ಹಾಗೆ, ಖಚಿತವಾಗಿ ಅತ್ಯುತ್ತಮ ಉತ್ತರವನ್ನು ಬೇಗ ಕೊಡುವ ದಾರಿ ಯಾರಿಗೂ ಸಿಕ್ಕಿಲ್ಲ. ಸೆಟಪ್‌ಗೆ ಟೈಮ್ ಕೂಡ ಹಿಡಿದರೆ ಇನ್ನೂ ಒಂದು ಹೆಜ್ಜೆ ಮುಂದೆ: ತಡವಿಲ್ಲದೆ ಎಲ್ಲವನ್ನೂ ಮಾಡಬಲ್ಲ ಪ್ಲ್ಯಾನ್ ಒಂದಾದರೂ ಇದೆಯಾ ಅಂತ ಹೇಳೋದೇ ಕಷ್ಟ, ಖರ್ಚಿನ ಮಾತು ಆಮೇಲೆ. ಇದನ್ನು ಓದಿದ ಮೇಲೆ ನನಗೆ ನಿಜಕ್ಕೂ ಸಮಾಧಾನ ಆಯಿತು. ನಾನು ಹುಡುಕುತ್ತಿದ್ದ ಒಂದೇ ಸಾಲಿನ ಸೂತ್ರ ಇಲ್ಲವೇ ಇಲ್ಲ. ಹಾಗಿದ್ದ ಮೇಲೆ ಒಳ್ಳೆಯ ಹ್ಯೂರಿಸ್ಟಿಕ್ ಹುಡುಕೋದೇ ಸರಿಯಾದ ಕೆಲಸ.

ನನ್ನ ಕೈ ಹಿಡಿದಿದ್ದು 1981ರ ಡಿಕ್ಸನ್-ಸಿಲ್ವರ್ ವಿಧಾನ. ಸಿಲ್ವರ್-ಮೀಲ್‌ನ ಯೋಚನೆಯೇ, ಆದರೆ ಐಟಂ ಐಟಂ ಆಗಿ ಹೋಗುವ ಬದಲು ವಾರ ವಾರವಾಗಿ ಹೋಗುತ್ತೆ. ಈ ವಾರ ಕಡ್ಡಾಯವಾಗಿ ಆಗಲೇಬೇಕಾದ್ದನ್ನು ಮೊದಲು ಇಡು. ಗಂಟೆ ಉಳಿದಿದ್ದರೆ ಮುಂದಿನ ವಾರದ್ದನ್ನು ಈಗಲೇ ಮಾಡಿಡಬಹುದು. ಯಾವ ಐಟಂದು? ಒಂದು ಗಂಟೆ ಕೊಟ್ಟರೆ ಯಾವ ಐಟಂನ ಸರಾಸರಿ ಖರ್ಚು ಜಾಸ್ತಿ ಇಳಿಯುತ್ತೋ ಅದರದ್ದು. ಇದರ ಜೊತೆ ಇನ್ನೊಂದು ನೋಟ ಇದೆ: ಮುಂದೆ ಎಲ್ಲಾದರೂ ಗಂಟೆ ಸಾಲದೆ ಹೋಗುತ್ತಾ ಅಂತ ಮೊದಲೇ ನೋಡಿ, ಹೋಗುವ ಹಾಗಿದ್ದರೆ ಅಷ್ಟನ್ನು ಈಗಲೇ ಮಾಡಿಡು.

"ಒಂದು ಗಂಟೆ ಕೊಟ್ಟರೆ" ಅನ್ನುವ ಈ ಅಳತೆಯೇ ನನ್ನ ಯೋಚನೆಯನ್ನು ತಿರುಗಿಸಿತು. ಅಲ್ಲಿಯವರೆಗೆ ನಾನು ಮುಚ್ಚಳಕ್ಕೆ ಸರಿಯಾದ ಲಾಟ್ ಯಾವುದು, ಡಬ್ಬಿಗೆ ಯಾವುದು ಅಂತ ಕೇಳುತ್ತಿದ್ದೆ. ಮೆಷಿನ್ ತುಂಬಿರುವಾಗ ಆ ಪ್ರಶ್ನೆಗೆ ಅರ್ಥವಿಲ್ಲ. ಉಳಿದಿರುವ ಈ 25 ಗಂಟೆಯನ್ನು ಯಾರಿಗೆ ಕೊಟ್ಟರೆ ಹೆಚ್ಚು ಉಪಯೋಗ, ಇದು ಕೇಳಬೇಕಾದ ಪ್ರಶ್ನೆ.

ಮೂಲ ವಿಧಾನದಲ್ಲಿ ಸೆಟಪ್ ಖರ್ಚು ಇದೆ, ಸೆಟಪ್ ಟೈಮ್ ಇಲ್ಲ. ಅದನ್ನು ನಾನೇ ಸೇರಿಸಿಕೊಂಡೆ. ಮೊದಲು ಮುಂದಿನ ನೋಟ. ಪ್ರತಿ ವಾರ ಮೂರೂ ಮೋಲ್ಡ್ ಹತ್ತಿಸಿದರೆ ಬೇಕಾಗುವ ಗಂಟೆ 135, 125, 125, 165, 155, 155. ಕೊನೆಯ ಮೂರು ವಾರ ಸೇರಿ 25 ಗಂಟೆ ಕಮ್ಮಿ ಬೀಳುತ್ತೆ. ಎರಡನೇ, ಮೂರನೇ ವಾರದಲ್ಲಿ 50 ಖಾಲಿ ಇದೆ. ಹಾಗಾಗಿ ಮೊದಲ ವಾರ ಮುಂಚೆ ಮಾಡಿಡಲೇಬೇಕು ಅನ್ನುವ ಒತ್ತಡ ಇಲ್ಲ. ಅಲ್ಲಿ 15 ಗಂಟೆ ಉಳಿದಿತ್ತು. ಎರಡನೇ ವಾರದ್ದರಲ್ಲಿ ತೀರಾ ಚಿಕ್ಕದು ಹಿಡಿಕೆಯ 20, ಅದೂ ಹಿಡಿಯಲ್ಲ. 15 ಮಾತ್ರ ಮಾಡಿಟ್ಟರೆ ಉಳಿದ 5ಕ್ಕೆ ಮತ್ತೆ ಮೋಲ್ಡ್ ಹತ್ತಿಸಲೇಬೇಕು, ಸೆಟಪ್ ಉಳಿಯಲ್ಲ. ಬಿಟ್ಟೆ.

ಎರಡನೇ ವಾರ 25 ಗಂಟೆ ಉಳಿದಿದೆ. ಮುಚ್ಚಳದ ಮೂರನೇ ವಾರದ 20 ಸೇರಿಸಿದರೆ ಸರಾಸರಿ 100ರಿಂದ 60ಕ್ಕೆ ಇಳಿಯುತ್ತೆ. 20 ಗಂಟೆಗೆ 40 ಇಳಿಕೆ, ಗಂಟೆಗೆ 2. ಹಿಡಿಕೆಗೆ ಇದೇ ಲೆಕ್ಕ ಗಂಟೆಗೆ 0.75, ಡಬ್ಬಿಗೆ 0.5. ಮುಚ್ಚಳ ಗೆದ್ದಿತು, ಹಿಡಿಯಿತು ಕೂಡ. ಮೂರನೇ ವಾರ ಮುಚ್ಚಳದ ಸೆಟಪ್ಪೇ ಬೇಡ, ಹಾಗಾಗಿ ಅಲ್ಲಿ 50 ಗಂಟೆ ಖಾಲಿ. ಡಬ್ಬಿಯ ನಾಲ್ಕನೇ ವಾರದ 20ಕ್ಕೆ ಗಂಟೆಗೆ 2, ಅದು ಒಳಗೆ ಬಂತು. ಉಳಿದ 30ರಲ್ಲಿ ಹಿಡಿಕೆಯ 40 ಹಿಡಿಯಲ್ಲ. ನಾಲ್ಕನೇ ವಾರಕ್ಕೆ ಬಂದಾಗ ಮುಚ್ಚಳ 90, ಹಿಡಿಕೆ 40, ಎರಡು ಸೆಟಪ್, ಒಟ್ಟು 140. ಮುಂದಿನ ಎರಡು ವಾರಕ್ಕೆ ಒಟ್ಟು 10 ಗಂಟೆ ಕಮ್ಮಿ ಬೀಳುತ್ತೆ, ಇಲ್ಲಿ ಉಳಿದಿರೋದೂ 10. ಮುಚ್ಚಳದ ಐದನೇ ವಾರದ್ದರಲ್ಲಿ 10 ಇಲ್ಲೇ ಮುಂಚೆ ಮಾಡಿಟ್ಟೆ, ಐದನೇ ವಾರದಲ್ಲಿ ಆರನೇ ವಾರದ್ದು 5. ಕೊನೆಯ ಮೂರು ವಾರವೂ ಸರಿಯಾಗಿ 150.

ಪ್ಲ್ಯಾನ್ ಆಯಿತು! 16 ಸೆಟಪ್, ಸ್ಟಾಕ್ ಖರ್ಚು 55, ಒಟ್ಟು 1655. ಒಂದು ಗಂಟೆಯ ತಡವೂ ಇಲ್ಲ. ಮೊದಲ ಸಲ ಕೆಂಪು ಗುರುತಿಲ್ಲದ ಹಾಳೆ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಆದರೆ ಕೊನೆಯ ಮೂರು ವಾರ ತುದಿಯವರೆಗೆ ತುಂಬಿರೋದು ಸರಿ ಕಾಣಲಿಲ್ಲ. ಒಂದು ಗಂಟೆ ಮೆಷಿನ್ ನಿಂತರೂ ಡಿಸ್ಪ್ಯಾಚ್ ತಪ್ಪುತ್ತೆ. ಮೂರನೇ ವಾರದಲ್ಲಿ ಮಾತ್ರ 30 ಗಂಟೆ ಹಾಗೇ ಬಿದ್ದಿತ್ತು. ಹಿಡಿಕೆಯ 40 ಅಲ್ಲಿ ಹಿಡಿಯಲ್ಲ, ನಿಜ. ಅದರಲ್ಲಿ 20 ಮಾತ್ರ ತಂದರೆ? ನಾಲ್ಕನೇ ವಾರ ಹಿಡಿಕೆಯ ಸೆಟಪ್ ಉಳಿಯಲ್ಲ, ಸ್ಟಾಕ್ ಇಡುವ 20 ಅಂಕ ಖರ್ಚು ಬೇರೆ, ಹಾಗಾಗಿ ನಿಯಮ ಅದನ್ನು ಮುಟ್ಟೋದೇ ಇಲ್ಲ. ವ್ಯಾಗ್ನರ್-ವಿಟಿನ್ ಮಾತಂತೂ ಪೂರ್ತಿ ವಿರುದ್ಧ. ಸ್ಟಾಕ್ ಇರುವಾಗ ಮತ್ತೆ ಮಾಡೋದಾ? ಆ ಮಾತು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ, ಮೆಷಿನ್‌ಗೆ ಮಿತಿ ಬಂದ ಕೂಡಲೇ ಅದು ನಿಲ್ಲೋದಿಲ್ಲ ಅನ್ನೋದು ಹೊಳೆಯಲೇ ಎಷ್ಟೋ ದಿನ ಬೇಕಾಯಿತು.

ತಂದು ನೋಡಿದೆ. ಮುಂಚೆ ಮಾಡಿಟ್ಟಿದ್ದ ಮುಚ್ಚಳದ 10 ಬಿಟ್ಟು ನೋಡಿದರೆ ನಾಲ್ಕನೇ ವಾರ 30 ಗಂಟೆ ಖಾಲಿಯಾಯಿತು. ಮುಚ್ಚಳದ ಐದನೇ ವಾರದ 30 ಸರಿಯಾಗಿ ಅಲ್ಲಿ ಕೂತಿತು. ಐದನೇ ವಾರ ಮುಚ್ಚಳದ ಸೆಟಪ್ ಬೇಡ ಅಂದಾಗ ಅಲ್ಲೂ 30 ಖಾಲಿ, ಹಿಡಿಕೆಯ ಆರನೇ ವಾರದ 30 ಅಲ್ಲಿ ಕೂತಿತು. ಆರನೇ ವಾರ 120ಕ್ಕೆ ಇಳಿಯಿತು. 14 ಸೆಟಪ್, ಸ್ಟಾಕ್ ಖರ್ಚು 120, ಒಟ್ಟು 1520. ಒಂದು ಹೆಜ್ಜೆಯಾಗಿ ನೋಡಿದರೆ ನಷ್ಟದ ಹಾಗೆ ಕಾಣುವ 20 ಅಂಕ ಮುಂದೆ ಎರಡು ಸೆಟಪ್ ಉಳಿಸಿಕೊಟ್ಟಿತು. ನಿಜವಾದ 38 ಐಟಂಗೂ ನಾನು ಇದೇ ರೀತಿ ಮಾಡಿದೆ: ಮೊದಲು ನಿಯಮದ ಪ್ರಕಾರ ಓಡುವ ಪ್ಲ್ಯಾನ್, ಆಮೇಲೆ ಅಲ್ಲಲ್ಲಿ ಸರಿಸಿ ನೋಡೋದು. ಮೂರು ಐಟಂನಲ್ಲಿ ಕಣ್ಣಿಗೆ ಕಾಣುವ ಸರಪಳಿ 38ರಲ್ಲಿ ಕಾಣಲ್ಲ. ಅಲ್ಲಿ ಕಂಪ್ಯೂಟರ್ ಬೇಕೇ ಬೇಕು.

ಹೌದು-ಇಲ್ಲ ನಿರ್ಧಾರಗಳೇ ಇಲ್ಲಿ ಕಷ್ಟದ ಭಾಗ. ಈ ವಾರ ಈ ಮೋಲ್ಡ್ ಹತ್ತಿಸೋದಾ ಬೇಡವಾ. ಮೂರು ಐಟಂ, ಆರು ವಾರ ಅಂದರೆ 18 ನಿರ್ಧಾರ, ಸಾಧ್ಯತೆಗಳು 2,62,144. 38 ಐಟಂ, 12 ವಾರ ಅಂದರೆ 456 ನಿರ್ಧಾರ, ಸಾಧ್ಯತೆಗಳನ್ನು ಎಣಿಸುವ ಮಾತೇ ಇಲ್ಲ. ಆದರೆ ಯಾವ ವಾರ ಯಾವ ಮೋಲ್ಡ್ ಅಂತ ನಿರ್ಧಾರ ಆಗಿಬಿಟ್ಟರೆ ಎಷ್ಟೆಷ್ಟು ಮಾಡಬೇಕು ಅನ್ನೋದು ಸುಲಭದ ಲೆಕ್ಕ. ಇದನ್ನೇ ಬಳಸಿಕೊಂಡು ಒಂದು ವಿಧಾನ ಇದೆ, ಫಿಕ್ಸ್ ಅಂಡ್ ಆಪ್ಟಿಮೈಜ್ ಅಂತಾರೆ. ಇರುವ ಪ್ಲ್ಯಾನ್‌ನ ಬಹುಪಾಲು ನಿರ್ಧಾರಗಳನ್ನು ಹಾಗೇ ಕಟ್ಟಿಹಾಕಿ, ಒಂದು ಕಿಟಕಿಯಷ್ಟನ್ನು ಮಾತ್ರ ಬಿಚ್ಚಿ, ಸಾಲ್ವರ್‌ಗೆ, ಅಂದರೆ ಇಂಥ ಲೆಕ್ಕ ಬಿಡಿಸುವ ಸಾಫ್ಟ್‌ವೇರ್‌ಗೆ ಕೊಡೋದು. ಉತ್ತರ ಸುಧಾರಿಸಿದರೆ ಇಟ್ಟುಕೊಂಡು ಕಿಟಕಿಯನ್ನು ಮುಂದಕ್ಕೆ ಸರಿಸೋದು. ಸಿಬಿಸಿ, ಹೈಸ್ ಥರದ ಸಾಲ್ವರ್‌ಗಳು ಪುಕ್ಕಟೆ ಸಿಗುತ್ತವೆ, ನಾನು ಅಂಥದ್ದನ್ನೇ ಬಳಸಿದೆ.

ಮೂರು ಐಟಂನ ಚಿಕ್ಕ ಲೆಕ್ಕದಲ್ಲಿ ಮೊದಲ ನಾಲ್ಕು ವಾರವನ್ನು ಬಿಚ್ಚಿ ಕೊಟ್ಟಾಗ ಅದು ಹುಡುಕಿಕೊಟ್ಟಿದ್ದು ನೋಡಿ ನನಗೆ ಆಶ್ಚರ್ಯ ಆಯಿತು. ಎರಡನೇ ವಾರದ್ದರಲ್ಲಿ ಬರೀ 5 ಗಂಟೆಯ ಮಾಲನ್ನು ಮೊದಲ ವಾರಕ್ಕೆ ತಂದಿತ್ತು. ಅದರಿಂದ, ಮೊದಲೇ ಉಳಿದಿದ್ದ 5 ಸೇರಿ, ಎರಡನೇ ವಾರ 10 ಗಂಟೆ ಖಾಲಿ, ಅಲ್ಲಿಗೆ ಮೂರನೇ ವಾರದ ಡಬ್ಬಿ 10. ಅದರಿಂದ ಮೂರನೇ ವಾರದಲ್ಲಿ ಡಬ್ಬಿಯ 20ರ ಜೊತೆ ಹಿಡಿಕೆಯ ನಾಲ್ಕನೇ ವಾರದ 40 ಪೂರ್ತಿ ಹಿಡಿಯಿತು. ನಾಲ್ಕನೇ ವಾರ ಬರೀ ಮುಚ್ಚಳ, ಒಂದೇ ಸೆಟಪ್, ಒಟ್ಟು 125 ಗಂಟೆ. 13 ಸೆಟಪ್, ಸ್ಟಾಕ್ ಖರ್ಚು 155, ಒಟ್ಟು 1455. ಮಿತಿಯೇ ಇಲ್ಲದಿದ್ದಾಗಿನ 1210ಕ್ಕಿಂತ ಕೆಳಗೆ ಯಾವ ಪ್ಲ್ಯಾನೂ ಹೋಗಲ್ಲ ಅನ್ನೋದು ನೆನಪಿಟ್ಟುಕೊಂಡರೆ, 1655ರಿಂದ 1455 ದೊಡ್ಡ ಇಳಿಕೆಯೇ.

ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದರ ಮೇಲೆ ನಾನು ತುಂಬಾ ತಲೆ ಕೆಡಿಸಿಕೊಂಡಿದ್ದೇನೆ. ಸೆಟಪ್‌ಗೆ 100 ಅಂಕ ಅಂತ ಹಾಕಿದೆನಲ್ಲ, ಅದು ಎಲ್ಲಿಂದ ಬಂತು? ನಮ್ಮಲ್ಲಿ ಲೆಕ್ಕಪತ್ರದವರು ಒಂದು ಸಂಖ್ಯೆ ಕೊಟ್ಟಿದ್ದರು. ಅದರಲ್ಲಿ ಕೆಟ್ಟ ಪೀಸ್‌ನ ಪ್ಲಾಸ್ಟಿಕ್, ಕರೆಂಟ್, ಜೊತೆಗೆ ಮೆಷಿನ್ ನಿಂತ ಗಂಟೆಗೂ ಒಂದು ದರ ಇತ್ತು. ಎಲ್ಲಾ ವಾರಕ್ಕೂ ಒಂದೇ ದರ. ಆದರೆ ಮೊದಲ ವಾರ 15 ಗಂಟೆ ಖಾಲಿ ಬಿದ್ದಿರುವಾಗ ಒಂದು ಗಂಟೆ ಹೋದರೆ ಏನೂ ನಷ್ಟ ಇಲ್ಲ. ಐದನೇ ವಾರ ತುದಿಯವರೆಗೆ ತುಂಬಿರುವಾಗ ಅದೇ ಒಂದು ಗಂಟೆಗೆ ಡಿಸ್ಪ್ಯಾಚ್ ತಪ್ಪುತ್ತೆ. ಒಂದೇ ದರ ಹೇಗೆ ಸರಿಯಾಗುತ್ತೆ? ಟ್ರಿಗೇರೊ, ಥಾಮಸ್, ಮೆಕ್‌ಲೇನ್ 1989ರಲ್ಲಿ ಕೊಟ್ಟ ವಿಧಾನದ ಜೀವ ಇರೋದು ಇಲ್ಲೇ. ಮಿತಿಯನ್ನು ಒಂದು ಕಡೆಗೆ ಇಟ್ಟು, ಪ್ರತಿ ವಾರದ ಗಂಟೆಗೂ ಒಂದು ಬೆಲೆ ಕಟ್ಟೋದು. ಆ ಬೆಲೆಯಲ್ಲಿ ಪ್ರತಿ ಐಟಂ ತನ್ನ ಪಾಡಿಗೆ ಲಾಟ್ ಲೆಕ್ಕ ಹಾಕಲಿ. ಯಾವ ವಾರ ಉಬ್ಬುತ್ತೋ ಆ ವಾರದ ಬೆಲೆ ಏರಿಸು, ಯಾವ ವಾರ ಖಾಲಿಯೋ ಅಲ್ಲಿ ಇಳಿಸು, ಮತ್ತೆ ಲೆಕ್ಕ ಹಾಕಿಸು. ನಾನು ಇದನ್ನು ಪೂರ್ತಿ ಮಾಡಿಲ್ಲ. ಆದರೆ ತುಂಬಿದ ವಾರದ ಸೆಟಪ್‌ಗೆ ಜಾಸ್ತಿ ಖರ್ಚು, ಖಾಲಿ ವಾರದ್ದಕ್ಕೆ ಕಡಿಮೆ ಅಂತ ಸಂಖ್ಯೆ ಬದಲಿಸಿದ್ದೇ ಹಳೇ ನಿಯಮವೂ ಎಷ್ಟೋ ಒಳ್ಳೆಯ ಪ್ಲ್ಯಾನ್ ಕೊಡೋಕೆ ಶುರು ಮಾಡಿತು. ಸೆಟಪ್ ಖರ್ಚನ್ನು ಕಣ್ಣು ಮುಚ್ಚಿ ಒಂದೇ ಸಂಖ್ಯೆಯಾಗಿ ತೆಗೆದುಕೊಳ್ಳಬೇಡಿ ಅಂತ ನಾನು ಕೇಳಿಕೊಳ್ಳೋದು ಇದಕ್ಕೇ.

ಇನ್ನೊಂದು ಪಾಠ ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ವಾರ ಹೊಸ ಬೇಡಿಕೆ ಬರುತ್ತೆ, ಪ್ರತಿ ವಾರ ಹೊಸದಾಗಿ ಪ್ಲ್ಯಾನ್ ಹಾಕಿದರೆ ದೂರದ ಒಂದು ಸಂಖ್ಯೆ ಬದಲಾದದ್ದಕ್ಕೆ ನಾಳೆಯ ಮೋಲ್ಡೇ ಬದಲಾಗಿಬಿಡುತ್ತೆ. ಕೆಳಗೆ ಕೆಲಸ ಮಾಡುವವರು ಎರಡು ವಾರದಲ್ಲೇ ಹಾಳೆಯ ಮೇಲೆ ನಂಬಿಕೆ ಕಳೆದುಕೊಂಡರು, ಅವರದ್ದೇನೂ ತಪ್ಪಿಲ್ಲ. ಈಗ ಮೊದಲ ಎರಡು ವಾರವನ್ನು ಗಟ್ಟಿ ಮಾಡಿಬಿಡುತ್ತೇನೆ, ತುಂಬಾ ಅಗತ್ಯ ಇದ್ದರೆ ಮಾತ್ರ ಕೈ ಹಾಕೋದು. 150ಕ್ಕೆ ಬದಲು 144 ಗಂಟೆ ಅಂತಲೇ ಲೆಕ್ಕ ಹಾಕುತ್ತೇನೆ, ಮೆಷಿನ್ ನಿಂತರೆ ಸ್ವಲ್ಪ ಉಸಿರಾಡೋಕೆ ಜಾಗ ಇರಲಿ ಅಂತ. ಇಲ್ಲಿನ ಚಿಕ್ಕ ಲೆಕ್ಕದಲ್ಲಿ ಮಾತ್ರ ಹಳೇ 150ನ್ನೇ ಇಟ್ಟಿದ್ದೇನೆ.

ಕೊನೆಗೆ, ಅದೇ ಮೂರು ಐಟಂನ 1455ರ ಹಾಳೆಯನ್ನು ಸೆಟ್ಟಿಂಗ್ ಮಾಡುವ ಆ ಹಿರಿಯರಿಗೆ ತೋರಿಸಿದೆ. ಮೊದಲ ತಪ್ಪು ಹಿಡಿದವರು ಅವರೇ ಅಲ್ವಾ. ಸಾಲ್ವರ್ ಹುಡುಕಿದ 5 ಗಂಟೆಯ ಸರಪಳಿಯನ್ನು ಬೆರಳಿಟ್ಟು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, ಎರಡನೇ ವಾರದ ಮೂರು ಸೆಟಪ್ ಮೇಲೆ ಬೆರಳಿಟ್ಟರು. "ಇಲ್ಲಿ ಮೂರು ಯಾಕೆ ಸಾರ್? ಮೊದಲ ವಾರ ಕೊನೆಗೆ ಮುಚ್ಚಳ ಓಡಿಸಿದ್ರೆ ಮೋಲ್ಡ್ ಮೆಷಿನ್ ಮೇಲೇ ಇರುತ್ತೆ. ಎರಡನೇ ವಾರ ಹಾಗೇ ಮುಂದುವರಿಸ್ತೀವಿ, ಇಳಿಸಿ ಮತ್ತೆ ಹತ್ತಿಸೋದು ಯಾಕೆ?"

ಅಂದರೆ ವಾರ ಬದಲಾಗೋದು ನನ್ನ ಹಾಳೆಯಲ್ಲಿ ಮಾತ್ರ. ಅಲ್ಲೇ ಕೂತು ಲೆಕ್ಕ ಹಾಕಿದೆವು. ಎರಡನೇ ವಾರ ಎರಡೇ ಸೆಟಪ್ ಆದರೆ, ಸಾಲ್ವರ್ ಸರಿಸುವ ಮೊದಲಿದ್ದ 145ರ ಬದಲು 140, ಉಳಿದದ್ದು 10. ಮೂರನೇ ವಾರದ ಡಬ್ಬಿ 10 ಅಲ್ಲಿಗೆ ನೇರವಾಗಿ ಬಂತು. ಮೊದಲ ವಾರಕ್ಕೆ 5 ಗಂಟೆ ಸರಿಸುವ ಅಗತ್ಯವೇ ಇಲ್ಲ. 12 ಸೆಟಪ್, ಸ್ಟಾಕ್ ಖರ್ಚು 150, ಒಟ್ಟು 1350. ಎರಡನೇ ವಾರದ ಕೊನೆಗೆ ಹಿಡಿಕೆ ಇಟ್ಟರೆ ಮೂರನೇ ವಾರದಲ್ಲೂ ಒಂದು ಸೆಟಪ್ ಉಳಿಯುತ್ತೆ ಅಂತ ಅವರೇ ಮುಂದಿನ ಸಾಲಿಗೆ ಹೋದರು. ಯಾವ ಐಟಂ ಕೊನೆಗೆ, ಯಾವುದು ಮೊದಲು ಅನ್ನೋದನ್ನೂ ಸೇರಿಸಿ ಈಗ ಆ 38 ಐಟಂನ ಲೆಕ್ಕವನ್ನು ಮತ್ತೆ ಬರೆಯುತ್ತಿದ್ದೇನೆ. ವಾರಕ್ಕೊಂದು ಸಂಜೆ ಅವರೂ ಜೊತೆಗೆ ಕೂರುತ್ತಾರೆ.